ಪೇಂಟ್‌ಬಾಲ್ ಗುಂಡಿನ ಗಾತ್ರ ಮತ್ತು ಗುರಿಯ ನಿಖರತೆ: ಮಲೆನಾಡಿನ ಪ್ರವಾಸೋದ್ಯಮಿಗೊಂದು ಲೆಕ್ಕಾಚಾರ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳ ವಾಣಿಜ್ಯವು ಅಡಿಕೆ, ಕಾಳುಮೆಣಸು, ಏಲಕ್ಕಿಗಳ ಆಧಾರದ ಮೇಲೆ ನಿಂತಿರುವುದು ಎಲ್ಲರಿಗೂ ತಿಳಿದ ವಿಷಯ. ಅಡಿಕೆಯ ಧಾರಣೆಯ ಏರಿಳಿತವನ್ನೇ ನಂಬಿ ಕೂರದೆ ಪೂರಕ ಆದಾಯವನ್ನು ಹುಡುಕುತ್ತಿರುವ ಅನೇಕ ಕುಟುಂಬಗಳು ಕಳೆದ ಕೆಲವು ವರ್ಷಗಳಲ್ಲಿ ಹೋಮ್‌ಸ್ಟೇ ಮತ್ತು ಸಣ್ಣ ರೆಸಾರ್ಟ್‌ಗಳತ್ತ ಮುಖ ಮಾಡಿವೆ. ಸಹಸ್ರಲಿಂಗ, ಉಂಚಳ್ಳಿ, ಮಾಗೋಡು, ಸಾತೊಡ್ಡಿಗಳನ್ನು ನೋಡಲು ಬರುವ ಪ್ರವಾಸಿಗರನ್ನು ಇನ್ನೊಂದು ದಿನ ಉಳಿಸಿಕೊಳ್ಳುವುದು ಹೇಗೆ ಎಂಬುದೇ ಇವರ ಮುಂದಿರುವ ಪ್ರಶ್ನೆ. ನೆರೆಯ ದಾಂಡೇಲಿ ಮತ್ತು ಜೋಯಿಡಾಗಳಲ್ಲಿ ಕಾಳಿ ನದಿಯ ರಾಫ್ಟಿಂಗ್‌ನ ಜೊತೆಗೆ ಬೆಳೆದ ಸಾಹಸ ಕ್ರೀಡೆಗಳ ಪಟ್ಟಿಯಲ್ಲಿ ಪೇಂಟ್‌ಬಾಲ್ ಕೂಡ ಒಂದು. ಹೀಗಾಗಿ ಈ ಆಟವನ್ನು ತಮ್ಮಲ್ಲಿಯೂ ಆರಂಭಿಸಬೇಕೆನ್ನುವವರು ಮೊದಲು ಕೇಳುವುದು, ಯಾವ ಗಾತ್ರದ ಗುಂಡಿನ ಉಪಕರಣವನ್ನು ಕೊಳ್ಳಬೇಕು, ಯಾವುದು ಹೆಚ್ಚು ನಿಖರ ಎಂಬುದನ್ನು.

ಮಾರಾಟಗಾರರ ಉತ್ತರಗಳು ಪರಸ್ಪರ ವಿರುದ್ಧವಾಗಿರುತ್ತವೆ. ದೊಡ್ಡ ಗುಂಡು ಮಾರುವವರು ಭಾರವಿದ್ದುದೇ ನೇರವಾಗಿ ಹೋಗುತ್ತದೆ ಎನ್ನುತ್ತಾರೆ. ಸಣ್ಣ ಗುಂಡು ಮಾರುವವರು ಹಗುರವಾದದ್ದು ಗುರಿ ತಪ್ಪುವುದಿಲ್ಲ ಎನ್ನುತ್ತಾರೆ. ಒಮ್ಮೆ ಒಂದು ಗಾತ್ರದ ಉಪಕರಣ ಕೊಂಡರೆ ಮುಂದೆ ಅದೇ ಗಾತ್ರದ ಗುಂಡುಗಳನ್ನೇ ಕೊಳ್ಳುತ್ತಿರಬೇಕಾಗುವುದರಿಂದ ಈ ಆಯ್ಕೆ ಹಲವು ವರ್ಷಗಳ ಬಂಡವಾಳವನ್ನು ಕಟ್ಟಿಹಾಕುತ್ತದೆ. ಆದ್ದರಿಂದ ಈ ವಿಷಯವನ್ನು ಅಂಕಿಗಳ ಮೂಲಕ ಪರಿಶೀಲಿಸುವುದು ಉಚಿತ.

ಕಾಡಿನಲ್ಲಿ ಹುಟ್ಟಿದ ಉಪಕರಣ

ಪೇಂಟ್‌ಬಾಲ್ ಮೂಲತಃ ಆಟದ ಸಾಮಗ್ರಿಯಲ್ಲ. ಅಮೆರಿಕದ ಮಿಚಿಗನ್ ರಾಜ್ಯದ ನೆಲ್ಸನ್ ಪೇಂಟ್ ಕಂಪನಿಯು ಅರಣ್ಯ ಸಿಬ್ಬಂದಿ ದೂರದಿಂದಲೇ ಮರಗಳಿಗೆ ಗುರುತು ಹಾಕಲೆಂದು ಬಣ್ಣ ತುಂಬಿದ ಜೆಲಾಟಿನ್ ಗುಂಡುಗಳನ್ನು ಮಾರುಕಟ್ಟೆಗೆ ತಂದಿತು. ಡೈಸಿ ಕಂಪನಿ ತಯಾರಿಸಿದ ನೆಲ್‌ಸ್ಪಾಟ್ 007 ಎಂಬ ಪಿಸ್ತೂಲು 1970ರ ದಶಕದಲ್ಲಿ ಈ ಕೆಲಸಕ್ಕೆ ಬಳಕೆಯಾಯಿತು. ದನಗಾಹಿಗಳೂ ಹಿಂಡಿನ ಜಾನುವಾರುಗಳನ್ನು ಗುರುತಿಸಲು ಇದನ್ನು ಬಳಸಿದರು. ಕಡಿತಕ್ಕೆ ಮರ ಗುರುತಿಸುವುದರ ಅರ್ಥ ನಮ್ಮ ತಾಲೂಕಿನವರಿಗೆ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನರು ಅಪ್ಪಿಕೊಂಡು ನಿಂತದ್ದು ಹೀಗೆ ಗುರುತಾದ ಮರಗಳನ್ನೇ.

ಇದೇ ಉಪಕರಣದಿಂದ 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹೆನಿಕರ್‌ನ ಕಾಡಿನಲ್ಲಿ 12 ಜನರು ಮೊದಲ ಆಟವನ್ನು ಆಡಿದರು. ಗೆದ್ದವರು ರಿಚ್ಚೀ ವೈಟ್ ಎಂಬ ಅರಣ್ಯ ವೃತ್ತಿಯವರು. ಅವರು ಒಂದು ಗುಂಡನ್ನೂ ಹಾರಿಸದೆ, ಯಾರ ಕಣ್ಣಿಗೂ ಬೀಳದೆ ಎಲ್ಲ ಬಾವುಟಗಳನ್ನು ಸಂಗ್ರಹಿಸಿದರೆಂಬುದು ಈ ಆಟದ ಇತಿಹಾಸದಲ್ಲಿ ದಾಖಲಾಗಿದೆ. ಈ ಆಟದಲ್ಲಿ ಗುರಿಯ ನಿಖರತೆಯೊಂದೇ ಸರ್ವಸ್ವವಲ್ಲ ಎಂಬುದನ್ನು ಉದ್ಯಮಿಗಳು ಇಲ್ಲಿಂದಲೇ ಗಮನಿಸಬಹುದು.

ಮೂರು ಗಾತ್ರಗಳು

ಗುಂಡಿನ ಗಾತ್ರವನ್ನು ಇಂಚಿನ ನೂರನೆಯ ಭಾಗಗಳಲ್ಲಿ ಹೇಳುವುದು ವಾಡಿಕೆ. 68 ಕ್ಯಾಲಿಬರ್ ಎಂದರೆ 0.68 ಇಂಚು ವ್ಯಾಸ. ಇದು ಆರಂಭದಿಂದಲೂ ರೂಢಿಯಲ್ಲಿರುವ ಗಾತ್ರ. 50 ಕ್ಯಾಲಿಬರ್ ಗುಂಡು 2010ರ ಸುಮಾರಿಗೆ ಹೆಚ್ಚಿನ ಪ್ರಚಾರ ಪಡೆದು ಈಗ ಮಕ್ಕಳ ಮತ್ತು ಹೊಸಬರ ಆಟಕ್ಕೆ ಬಳಕೆಯಲ್ಲಿದೆ. 43 ಕ್ಯಾಲಿಬರ್ ಮುಖ್ಯವಾಗಿ ತರಬೇತಿಯ ಪಿಸ್ತೂಲುಗಳಲ್ಲಿ ಕಂಡುಬರುತ್ತದೆ.

ವ್ಯಾಸದಲ್ಲಿ ಅಲ್ಪವಾಗಿ ಕಾಣುವ ವ್ಯತ್ಯಾಸ ತೂಕದಲ್ಲಿ ದೊಡ್ಡದಾಗುತ್ತದೆ. ಗೋಳದ ತೂಕ ವ್ಯಾಸದ ಘನಕ್ಕೆ ಅನುಗುಣವಾಗಿ ಬದಲಾಗುವುದೇ ಇದಕ್ಕೆ ಕಾರಣ. ಸೆಕೆಂಡಿಗೆ 280 ಅಡಿ, ಅಂದರೆ ಸುಮಾರು 85 ಮೀಟರ್ ವೇಗಕ್ಕೆ ಲೆಕ್ಕ ಹಾಕಿದಾಗ ದೊರೆಯುವ ಅಂದಾಜು ಅಂಕಿಗಳು ಹೀಗಿವೆ:

68 ಕ್ಯಾಲಿಬರ್: ವ್ಯಾಸ 17.3 ಮಿ.ಮೀ., ತೂಕ ಸುಮಾರು 3 ಗ್ರಾಂ, ಹೊರಡುವಾಗಿನ ಶಕ್ತಿ ಸುಮಾರು 10.8 ಜೌಲ್.

50 ಕ್ಯಾಲಿಬರ್: ವ್ಯಾಸ 12.7 ಮಿ.ಮೀ., ತೂಕ ಸುಮಾರು 1.2 ಗ್ರಾಂ, ಶಕ್ತಿ ಸುಮಾರು 4.3 ಜೌಲ್.

43 ಕ್ಯಾಲಿಬರ್: ವ್ಯಾಸ 10.9 ಮಿ.ಮೀ., ತೂಕ ಸುಮಾರು 0.76 ಗ್ರಾಂ, ಶಕ್ತಿ ಸುಮಾರು 2.7 ಜೌಲ್.

ಅಂದರೆ 50 ಕ್ಯಾಲಿಬರ್ ಗುಂಡಿನ ತೂಕ 68ರ ತೂಕದ ಶೇ. 40 ಮಾತ್ರ. ಆದರೆ ಗಾಳಿಗೆ ಒಡ್ಡುವ ಮುಖದ ವಿಸ್ತೀರ್ಣ ಶೇ. 54ರಷ್ಟು ಇರುತ್ತದೆ. ಆದ್ದರಿಂದ ಒಂದೇ ವೇಗದಲ್ಲಿ ಹೊರಟರೂ ಸಣ್ಣ ಗುಂಡನ್ನು ಗಾಳಿ ಬೇಗನೆ ತಡೆಯುತ್ತದೆ. 25 ಮೀಟರ್ ದೂರ ಸಾಗುವಷ್ಟರಲ್ಲಿ 68ರ ವೇಗ ಸೆಕೆಂಡಿಗೆ ಸುಮಾರು 51 ಮೀಟರಿಗೂ, 50ರ ವೇಗ 43 ಮೀಟರಿಗೂ, 43ರ ವೇಗ 38 ಮೀಟರಿಗೂ ಇಳಿದಿರುತ್ತದೆ.

ಗಾಳಿಯ ಲೆಕ್ಕ

ನಿಖರತೆಯ ದೃಷ್ಟಿಯಿಂದ ಇದರ ಪರಿಣಾಮವೇನು? ಪಕ್ಕದಿಂದ ಗಂಟೆಗೆ ಸುಮಾರು 11 ಕಿ.ಮೀ. ವೇಗದ ಗಾಳಿ ಬೀಸುತ್ತಿದೆ ಎಂದಿಟ್ಟುಕೊಳ್ಳೋಣ. 25 ಮೀಟರ್ ದೂರದಲ್ಲಿ 68ರ ಗುಂಡು ಸುಮಾರು 27 ಸೆಂ.ಮೀ., 50ರ ಗುಂಡು 39 ಸೆಂ.ಮೀ., 43ರ ಗುಂಡು 47 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಈ ದೂರದಲ್ಲಿ ದೊಡ್ಡ ಗುಂಡಿನ ಮೇಲುಗೈ ಸ್ಪಷ್ಟ. ಅದು ಹೆಚ್ಚಿನ ಬಲದಿಂದ ತಾಗುವುದರಿಂದ ಒಡೆದು ಗುರುತು ಬಿಡುವ ಸಾಧ್ಯತೆಯೂ ಹೆಚ್ಚು. ಸಣ್ಣ ಗುಂಡು ದೂರದಲ್ಲಿ ಬಟ್ಟೆಗೆ ತಾಗಿ ಒಡೆಯದೆ ಪುಟಿಯುವುದುಂಟು.

ಆದರೆ ಪ್ರವಾಸಿಗರು ಆಡುವ ದೂರವೆಷ್ಟು? ಅರ್ಧ ಎಕರೆಯ ಅಂಗಣದಲ್ಲಿ ಮರೆಗಳ ನಡುವೆ ಆಡುವವರು ಬಹುತೇಕ 10ರಿಂದ 20 ಮೀಟರ್ ಅಂತರದಲ್ಲಿರುತ್ತಾರೆ. 15 ಮೀಟರಿಗೆ ಅದೇ ಲೆಕ್ಕವನ್ನು ಮಾಡಿದರೆ ಸರಿತವು ಕ್ರಮವಾಗಿ 9, 13 ಮತ್ತು 15 ಸೆಂ.ಮೀ. ಆಗುತ್ತದೆ. ಅಂದರೆ 68 ಮತ್ತು 50ರ ನಡುವಿನ ವ್ಯತ್ಯಾಸ ಸುಮಾರು 4 ಸೆಂ.ಮೀ. ಮಾತ್ರ. ಎದುರಾಳಿಯ ಭುಜದ ಅಗಲದ ಮುಂದೆ ಇದು ನಗಣ್ಯ. ನಾಲ್ಕು ಕಡೆ ಅಡಿಕೆ ತೋಟ ಅಥವಾ ಮರಗಳಿರುವ ಜಾಗದಲ್ಲಿ ಗಾಳಿಯ ಬೀಸು ಇನ್ನೂ ಕಡಿಮೆ. ಹಾಗಾಗಿ ಗಾತ್ರದ ಆಧಾರದ ಮೇಲೆ ನಿಖರತೆಯನ್ನು ಮಾರುವ ಜಾಹೀರಾತು ನಮ್ಮ ಮಟ್ಟಿಗೆ ಅರ್ಧಸತ್ಯ.

ಗುರಿ ತಪ್ಪಿಸುವುದು ಯಾವುದು?

ಪೇಂಟ್‌ಬಾಲ್ ಉಪಕರಣದ ನಳಿಗೆಯ ಒಳಮೈ ಸಾಮಾನ್ಯವಾಗಿ ನುಣುಪಾಗಿರುತ್ತದೆ. ಬಂದೂಕಿನ ಗುಂಡಿನಂತೆ ಇಲ್ಲಿ ಗುಂಡಿಗೆ ನಿಶ್ಚಿತವಾದ ತಿರುಗು ಇರುವುದಿಲ್ಲ. ಎರಡು ಅರ್ಧಗಳನ್ನು ಸೇರಿಸಿದ ಜೆಲಾಟಿನ್ ಕೋಶದ ಬೆಸುಗೆ ಎದ್ದಿದ್ದರೆ, ಒಂದು ಬದಿ ತಗ್ಗಾಗಿದ್ದರೆ ಅಥವಾ ಗುಂಡು ಚಪ್ಪಟೆಯಾಗಿದ್ದರೆ ಅದು ಪ್ರತಿ ಸಲವೂ ಬೇರೆ ಬೇರೆ ದಿಕ್ಕಿಗೆ ಬಾಗುತ್ತದೆ. ಇದು ಮೊದಲ ಕಾರಣ.

ಎರಡನೆಯದು ಗುಂಡು ಮತ್ತು ನಳಿಗೆಯ ಹೊಂದಾಣಿಕೆ. ಗುಂಡು ನಳಿಗೆಗಿಂತ ತೀರ ಸಣ್ಣದಾದರೆ ಗಾಳಿ ಪಕ್ಕದಿಂದ ಸೋರಿ ವೇಗ ಏರುಪೇರಾಗುತ್ತದೆ. ದೊಡ್ಡದಾದರೆ ನಳಿಗೆಯಲ್ಲೇ ಒಡೆದು ಬಣ್ಣ ಹರಡುತ್ತದೆ. ಹೀಗೆ ಒಂದು ಗುಂಡು ಒಡೆದ ನಂತರ ನಳಿಗೆಯನ್ನು ಒರೆಸುವವರೆಗೆ ಮುಂದಿನ ಯಾವ ಗುಂಡೂ ನೇರವಾಗಿ ಹೋಗುವುದಿಲ್ಲ. ಪೆಟ್ಟಿಗೆಯ ಮೇಲೆ 68 ಎಂದು ಮುದ್ರಿತವಾಗಿದ್ದರೂ ಒಳಗಿನ ಗುಂಡುಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತವೆ. ಆದ್ದರಿಂದಲೇ ಬೇರೆ ಬೇರೆ ಒಳವ್ಯಾಸದ ನಳಿಗೆಗಳು ಮಾರಾಟಕ್ಕಿವೆ.

ಮೂರನೆಯದು ಅನಿಲ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಒತ್ತಡ ಉಷ್ಣತೆಯೊಡನೆ ಬದಲಾಗುತ್ತದೆ. ಬೆಳಗಿನ ಚಳಿಯಲ್ಲಿ ಸರಿಹೊಂದಿಸಿದ ವೇಗ ಮಧ್ಯಾಹ್ನದ ಬಿಸಿಲಿಗೆ ಏರುತ್ತದೆ. ವೇಗ ಬದಲಾದರೆ ಗುಂಡು ಬೀಳುವ ಎತ್ತರವೂ ಬದಲಾಗುತ್ತದೆ. ನಿಯಂತ್ರಕವಿರುವ ಸಂಕುಚಿತ ಗಾಳಿಯ ಸಿಲಿಂಡರಿನಲ್ಲಿ ಈ ದೋಷ ಕಡಿಮೆ. ಅಲ್ಲದೆ ಸಣ್ಣ ಗುಂಡಿಗೆ ಪ್ರತಿ ಹೊಡೆತಕ್ಕೆ ಬೇಕಾಗುವ ಗಾಳಿಯೂ ಕಡಿಮೆ. ಸಿಲಿಂಡರ್ ತುಂಬಿಸಲು ಹುಬ್ಬಳ್ಳಿಯ ಕಡೆಗೆ ಓಡಾಡಬೇಕಾದವರಿಗೆ ಇದು ಗಮನಾರ್ಹ ಉಳಿತಾಯ.

ಈ ಮೂರೂ ಕಾರಣಗಳು ಎಲ್ಲ ಗಾತ್ರಗಳಿಗೂ ಸಮಾನವಾಗಿ ಅನ್ವಯಿಸುತ್ತವೆ. ನಮ್ಮ ವ್ಯಾಪಾರಸ್ಥರಿಗೆ ಇದು ಹೊಸ ತತ್ವವೇನಲ್ಲ. ಏಲಕ್ಕಿಯನ್ನು ಜರಡಿ ಹಿಡಿದು 7 ಮಿ.ಮೀ., 8 ಮಿ.ಮೀ. ಎಂದು ವಿಂಗಡಿಸುವವರಿಗೂ, ರಾಶಿ, ಬೆಟ್ಟೆ, ಗೋಟುಗಳನ್ನು ಬೇರ್ಪಡಿಸುವವರಿಗೂ ಬೆಲೆ ನಿಂತಿರುವುದು ಮಾಲಿನ ಏಕರೂಪತೆಯ ಮೇಲೆ ಎಂಬುದು ತಿಳಿದೇ ಇದೆ. ಗುಂಡಿನ ವಿಷಯದಲ್ಲೂ ಗಾತ್ರಕ್ಕಿಂತ ಏಕರೂಪತೆಯೇ ನಿಖರತೆಯನ್ನು ನಿರ್ಧರಿಸುತ್ತದೆ.

ಮಳೆಗಾಲವೆಂಬ ನಿರ್ಣಾಯಕ

ಏಕರೂಪತೆಯನ್ನು ಹಾಳುಮಾಡುವ ದೊಡ್ಡ ಶತ್ರು ತೇವಾಂಶ. ಗುಂಡಿನ ಕೋಶ ಜೆಲಾಟಿನ್‌ನದು. ಔಷಧದ ಮೃದು ಕ್ಯಾಪ್ಸೂಲಿನ ಹೊದಿಕೆಯೂ ಇದೇ ವಸ್ತು. ಅದು ತೇವ ಹೀರಿದರೆ ಉಬ್ಬಿ ಮೆತ್ತಗಾಗುತ್ತದೆ, ಬಿಸಿಗೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಅತಿ ಚಳಿಗೆ ಪೆಡಸಾಗಿ ಒಡೆಯುತ್ತದೆ. ತಂಪಾದ, ಒಣ ಕೋಣೆಯೇ ಅದಕ್ಕೆ ಸೂಕ್ತ. ವರ್ಷಕ್ಕೆ 2,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಟ್ಟದ ಮೇಲಿನ ಒಣ ಅಡಿಕೆಯೂ ಬೂಸಲು ಹಿಡಿಯುವ ನಮ್ಮ ಪ್ರದೇಶದಲ್ಲಿ ಇಂತಹ ಸರಕನ್ನು ಸಾಮಾನ್ಯ ಗೋದಾಮಿನಲ್ಲಿ ಇಡುವುದೆಂದರೆ ಹಣವನ್ನು ನೀರಿಗೆ ಹಾಕಿದಂತೆ.

ಇಲ್ಲಿ ಗಾತ್ರದ ಪ್ರಶ್ನೆ ಮತ್ತೊಮ್ಮೆ ಬರುತ್ತದೆ. ಒಂದು ಗ್ರಾಂ ತೂಕಕ್ಕೆ ಲೆಕ್ಕ ಹಾಕಿದರೆ 50ರ ಗುಂಡಿನ ಹೊರಮೈ 68ರ ಗುಂಡಿಗಿಂತ ಸುಮಾರು ಶೇ. 36ರಷ್ಟು ಹೆಚ್ಚು. ತೇವಕ್ಕೆ ಒಡ್ಡಿಕೊಳ್ಳುವ ಭಾಗ ಹೆಚ್ಚಿದಷ್ಟೂ ದಾಸ್ತಾನಿನ ಎಚ್ಚರಿಕೆಯೂ ಹೆಚ್ಚಬೇಕು. 68ರ ಗುಂಡುಗಳು ಸಾಮಾನ್ಯವಾಗಿ 2,000ದ ಪೆಟ್ಟಿಗೆಯಲ್ಲಿಯೂ 50ರವು 4,000ದ ಪೆಟ್ಟಿಗೆಯಲ್ಲಿಯೂ ಬರುತ್ತವೆ. ಪೆಟ್ಟಿಗೆಯಲ್ಲಿ ಗುಂಡುಗಳ ಸಂಖ್ಯೆ ಹೆಚ್ಚಿದ್ದರೆ ಅದು ಖಾಲಿಯಾಗಲು ಹೆಚ್ಚು ವಾರಗಳು ಬೇಕಾಗುತ್ತವೆ. ಅಲ್ಲಿಯವರೆಗೆ ಮೊದಲ ದಿನ ಕಂಡ ನಿಖರತೆ ಉಳಿದಿರುವುದಿಲ್ಲ.

ಆದ್ದರಿಂದ ಪಾಲಿಸಬೇಕಾದ ಕ್ರಮಗಳು ಇವು: ಪೆಟ್ಟಿಗೆಯ ಮೇಲಿನ ತಯಾರಿಕೆಯ ದಿನಾಂಕವನ್ನು ನೋಡಿ ಕೊಳ್ಳುವುದು, ಮೊದಲು ಬಂದದ್ದನ್ನು ಮೊದಲು ಬಳಸುವುದು, ಗಾಳಿಯಾಡದ ಡಬ್ಬಿಯಲ್ಲಿ ತೇವಹೀರುವ ಸಿಲಿಕಾ ಪೊಟ್ಟಣಗಳೊಡನೆ ಇಡುವುದು, ಒಂದೆರಡು ವಾರಕ್ಕೊಮ್ಮೆ ಚೀಲವನ್ನು ಮಗುಚಿ ಗುಂಡುಗಳು ಒಂದೇ ಮಗ್ಗುಲಲ್ಲಿ ಚಪ್ಪಟೆಯಾಗದಂತೆ ನೋಡಿಕೊಳ್ಳುವುದು, ಫ್ರಿಜ್ಜಿನಲ್ಲಿ ಇಡದಿರುವುದು. ಮೇ ತಿಂಗಳ ಕೊನೆಗೆ ದಾಸ್ತಾನು ಬಹುತೇಕ ಖಾಲಿಯಾಗಿರುವಂತೆ ಖರೀದಿಯನ್ನು ಯೋಜಿಸುವುದು ಎಲ್ಲಕ್ಕಿಂತ ಮುಖ್ಯ.

ಲೆಕ್ಕಪತ್ರದ ದೃಷ್ಟಿ

ಉಪಕರಣ, ಮುಖಕವಚ, ಸಿಲಿಂಡರುಗಳು ಸ್ಥಿರಾಸ್ತಿ. ಗುಂಡುಗಳಾದರೋ ದಾಸ್ತಾನು. ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ಕೊಂಡ ಬೆಲೆ ಅಥವಾ ಅದರಿಂದ ವಸೂಲಾಗಬಹುದಾದ ನಿವ್ವಳ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ತೋರಿಸಬೇಕು. ಉಬ್ಬಿ ಹೋದ ಗುಂಡಿನ ವಸೂಲಿ ಮೌಲ್ಯ ಶೂನ್ಯವೇ ಸರಿ.

ಒಂದು ಸರಳ ಉದಾಹರಣೆ ನೋಡೋಣ. 100 ರೂಪಾಯಿಯ ಗುಂಡುಗಳಲ್ಲಿ ಕಾಲುಭಾಗ ಹಾಳಾದರೆ, ಉಳಿದ 75 ರೂಪಾಯಿಯ ಮಾಲು ಪೂರ್ಣ 100 ರೂಪಾಯಿಯ ಹೊರೆಯನ್ನು ಹೊರಬೇಕು. ಅಂದರೆ ಬಳಕೆಗೆ ಬಂದ ಪ್ರತಿ ಗುಂಡಿನ ನಿಜವಾದ ವೆಚ್ಚ ಮೂರನೆಯ ಒಂದು ಭಾಗದಷ್ಟು ಏರಿತು. ಇಷ್ಟಕ್ಕೆ ಮುಗಿಯುವುದಿಲ್ಲ. 2017ರ ಕೇಂದ್ರ ಜಿಎಸ್‌ಟಿ ಕಾಯಿದೆಯ 17(5)(ಎಚ್) ಉಪಕಲಮಿನಂತೆ ಕಳೆದುಹೋದ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಈಗಾಗಲೇ ಪಡೆದಿದ್ದರೆ ಹಿಂದಿರುಗಿಸಬೇಕು. ಹೀಗೆ ಹಾಳಾದ ಮಾಲಿನ ತೆರಿಗೆಯೂ ಉದ್ಯಮಿಯ ಖರ್ಚಿಗೇ ಬೀಳುತ್ತದೆ. ಗುಂಡೊಂದಕ್ಕೆ ಕೆಲವು ಪೈಸೆ ಉಳಿಯುತ್ತದೆಂದು ವರ್ಷದ ಮಾಲನ್ನು ಒಮ್ಮೆಗೇ ತರಿಸುವವರು ಈ ಲೆಕ್ಕವನ್ನು ಮಾಡಿ ನೋಡಬೇಕು.

ಖರೀದಿಗೆ ಮುನ್ನ ಒಂದು ಪರೀಕ್ಷೆ

ಮಾರಾಟಗಾರರ ಪ್ರಾತ್ಯಕ್ಷಿಕೆಯನ್ನು ನಂಬದೆ ತಾವೇ ಪರೀಕ್ಷಿಸುವುದು ಕಷ್ಟವಲ್ಲ. ಉಪಕರಣವನ್ನು ಮೇಜಿಗೆ ಭದ್ರವಾಗಿ ಕಟ್ಟಬೇಕು. ವೇಗಮಾಪಕದಿಂದ ಎರಡೂ ಗಾತ್ರಗಳ ವೇಗವನ್ನು ಸಮಗೊಳಿಸಬೇಕು. 15 ಮೀಟರ್ ದೂರದಲ್ಲಿ ರಟ್ಟಿನ ಹಲಗೆ ನಿಲ್ಲಿಸಿ ಪ್ರತಿ ಗಾತ್ರದಲ್ಲಿ 20 ಗುಂಡು ಹಾರಿಸಿ, ಗುರುತುಗಳ ನಡುವಣ ಕೇಂದ್ರದಿಂದ ಪ್ರತಿಯೊಂದರ ಅಂತರವನ್ನು ಅಳೆದು ಸರಾಸರಿ ತೆಗೆಯಬೇಕು. ಅತ್ಯುತ್ತಮ ಹೊಡೆತವನ್ನು ನೋಡಿ ತೀರ್ಮಾನಿಸಬಾರದು. ಜೊತೆಗೆ ಇನ್ನೆರಡು ಅಂಕಣಗಳನ್ನು ಬರೆದಿಡಬೇಕು: ನಳಿಗೆಯಲ್ಲೇ ಒಡೆದವು ಎಷ್ಟು, ತಾಗಿಯೂ ಒಡೆಯದವು ಎಷ್ಟು. ಎರಡೂ ಗಾತ್ರದ ಪೆಟ್ಟಿಗೆಗಳು ಒಂದೇ ವಯಸ್ಸಿನವಾಗಿರುವುದು ಅತ್ಯಗತ್ಯ. ಹೊಸ ಪೆಟ್ಟಿಗೆಯ 68ನ್ನು ಹಳೆಯ ಪೆಟ್ಟಿಗೆಯ 50ರೊಡನೆ ಹೋಲಿಸಿದರೆ ಅಳೆದದ್ದು ವಯಸ್ಸನ್ನೇ ಹೊರತು ಗಾತ್ರವನ್ನಲ್ಲ.

ಅನಂತರ ಅದೇ ಪೆಟ್ಟಿಗೆಗಳಿಂದ ನಾಲ್ಕು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷಿಸಿದರೆ ತಮ್ಮ ಗೋದಾಮಿನ ಗುಣವೂ ತಿಳಿಯುತ್ತದೆ. ಇನ್ನೂ ಸುಲಭದ ಪರೀಕ್ಷೆಯೆಂದರೆ, ಆರು ಅಡಿ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟ ತಾಜಾ ಗುಂಡು ಒಂದೆರಡು ಸಲಕ್ಕೆ ಒಡೆಯಬೇಕು. ರಬ್ಬರಿನಂತೆ ಪುಟಿಯುತ್ತಲೇ ಇದ್ದರೆ ಅದು ತೇವ ಹೀರಿದೆ ಎಂದರ್ಥ.

ಸುರಕ್ಷತೆ ಮತ್ತು ಕಾನೂನು

ಆಯ್ಕೆಯಲ್ಲಿ ನಿಖರತೆಗಿಂತ ಹೆಚ್ಚಿನ ತೂಕ ಪಡೆಯಬೇಕಾದುದು ಸುರಕ್ಷತೆ. 68ರ ಗುಂಡು 50ರ ಗುಂಡಿಗಿಂತ ಎರಡೂವರೆ ಪಟ್ಟು ಶಕ್ತಿ ಹೊತ್ತು ಹೊರಡುತ್ತದೆ. ಕುಟುಂಬ ಸಮೇತ ಬರುವ ಪ್ರವಾಸಿಗರಿಗೆ, ಮಕ್ಕಳಿಗೆ ಸಣ್ಣ ಗಾತ್ರವೇ ಒಳಿತು. ಯಾವ ಗಾತ್ರವಾದರೂ ವೇಗ ಸೆಕೆಂಡಿಗೆ 300 ಅಡಿ ಮೀರಕೂಡದು. ಕಣ್ಣಿನ ರಕ್ಷಣೆಗೆ ಪೇಂಟ್‌ಬಾಲ್‌ಗೆಂದೇ ಇರುವ ಎ.ಎಸ್.ಟಿ.ಎಂ. ಎಫ್ 1776 ಮಾನಕದ ಮುಖಕವಚವನ್ನೇ ಬಳಸಬೇಕು. ಬೈಕ್ ಸವಾರರ ಕನ್ನಡಕ ಇದಕ್ಕೆ ಬದಲಿಯಲ್ಲ. 'ಸ್ವಂತ ಜವಾಬ್ದಾರಿ' ಎಂದು ಬರೆಸಿಕೊಂಡ ಚೀಟಿಯೊಂದೇ ನಿರ್ಲಕ್ಷ್ಯದ ಹೊಣೆಯಿಂದ ಪಾರುಮಾಡುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಸೇವೆಯ ಕೊರತೆಯ ದೂರು ಬರಬಹುದು. ಆದ್ದರಿಂದ ಹೊಣೆಗಾರಿಕೆ ವಿಮೆಯನ್ನು ಮೊದಲೇ ಪಡೆಯುವುದು ವಿವೇಕ.

ಗಾಳಿಯ ಒತ್ತಡದಿಂದ ಗುಂಡು ಹಾರಿಸುವ ಉಪಕರಣವಾದ್ದರಿಂದ 1959ರ ಆಯುಧ ಕಾಯಿದೆ ಹಾಗೂ 2016ರ ಆಯುಧ ನಿಯಮಗಳ ಅನ್ವಯದ ಬಗ್ಗೆ ಜಿಲ್ಲಾಡಳಿತದಿಂದ ಲಿಖಿತ ಅಭಿಪ್ರಾಯ ಪಡೆದ ನಂತರವೇ ಮುಂಗಡ ಹಣ ಕೊಡಬೇಕು. ಜಾಗದ ವಿಷಯದಲ್ಲಿ ನಮ್ಮ ತಾಲೂಕುಗಳಿಗೆ ವಿಶೇಷ ಎಚ್ಚರಿಕೆ ಬೇಕು. ತೋಟಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟ ಆಟಕ್ಕೆ ಹೇಳಿಮಾಡಿಸಿದಂತೆ ಕಾಣಬಹುದು. ಆದರೆ ಅದು ಸೊಪ್ಪು, ದರಕುಗಳ ಸೌಲಭ್ಯಕ್ಕಾಗಿ ಬಿಟ್ಟ ಅರಣ್ಯಭೂಮಿ. ಅಲ್ಲಿ ವಾಣಿಜ್ಯ ಚಟುವಟಿಕೆ ನಡೆಸುವಂತಿಲ್ಲ. ಸ್ವಂತ ಕೃಷಿಭೂಮಿಯಾದರೂ 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 95ನೆಯ ಕಲಮಿನಡಿ ಪರಿವರ್ತನೆಯ ಪ್ರಶ್ನೆ ಬರುತ್ತದೆ. ಇನ್ನೊಂದು ಸೂಕ್ಷ್ಮ ವಿಷಯವೆಂದರೆ ಜೆಲಾಟಿನ್ ಪ್ರಾಣಿಜನ್ಯ. ಸಸ್ಯಾಹಾರದ ಮನೆಗಳಲ್ಲಿ ಹೋಮ್‌ಸ್ಟೇ ನಡೆಸುವವರು ಇದನ್ನು ಮೊದಲೇ ತಿಳಿದು ದಾಸ್ತಾನನ್ನು ಬೇರೆಡೆ ಇಡುವ ವ್ಯವಸ್ಥೆ ಮಾಡಿಕೊಳ್ಳುವುದು ಒಳ್ಳೆಯದು.

ಸಣ್ಣ ಕೈಗಾರಿಕೆಯವರಿಗೂ ಇಲ್ಲಿ ಅವಕಾಶವಿದೆ. ಗುಂಡು ಮತ್ತು ಉಪಕರಣ ಹೊರಗಿನಿಂದ ಬಂದರೂ, ಅಡಿಕೆ ದಬ್ಬೆಯ ಮರೆಗಳು, ಸುತ್ತಲಿನ ಬಲೆ, ಕಬ್ಬಿಣದ ಚೌಕಟ್ಟು, ಹೊಲಿದ ಅಂಗಿಗಳು ಸ್ಥಳೀಯವಾಗಿಯೇ ತಯಾರಾಗಬಲ್ಲವು.

ಉಪಸಂಹಾರ

ಒಟ್ಟಾರೆಯಾಗಿ ಹೇಳುವುದಾದರೆ, ದೂರದ ಹೊಡೆತಕ್ಕೆ, ಬಯಲಿನ ಗಾಳಿಗೆ 68 ಕ್ಯಾಲಿಬರ್ ಶ್ರೇಷ್ಠ. ಕಾರ್ಪೊರೇಟ್ ತಂಡಗಳನ್ನೂ ಪಳಗಿದ ಆಟಗಾರರನ್ನೂ ಕರೆತರುವ ಉದ್ದೇಶವಿರುವವರು ಅದನ್ನು ಆಯ್ದುಕೊಳ್ಳಬಹುದು. ಕುಟುಂಬಗಳನ್ನು ನಂಬಿದ ಸಣ್ಣ ಹೋಮ್‌ಸ್ಟೇಗೆ, 20 ಮೀಟರಿನೊಳಗಿನ ಅಂಗಣಕ್ಕೆ 50 ಕ್ಯಾಲಿಬರ್ ಸಾಕು. ಅಲ್ಲಿ ನಿಖರತೆಯಲ್ಲಿ ಆಗುವ ನಷ್ಟ ಅತ್ಯಲ್ಪ, ಸುರಕ್ಷತೆ ಮತ್ತು ಗಾಳಿಯ ವೆಚ್ಚದಲ್ಲಿ ಆಗುವ ಲಾಭ ಗಣನೀಯ. 43 ಕ್ಯಾಲಿಬರ್ ಪ್ರವಾಸೋದ್ಯಮಕ್ಕೆ ಹೊಂದುವುದಿಲ್ಲ. ಆದರೆ ಯಾವ ಗಾತ್ರವನ್ನು ಆರಿಸಿದರೂ ಆರು ತಿಂಗಳ ಹಳೆಯ, ಮಳೆಗಾಲ ಕಂಡ ಗುಂಡಿನಿಂದ ನಿಖರತೆಯನ್ನು ನಿರೀಕ್ಷಿಸಲಾಗದು. ಗಾತ್ರದ ಬಗ್ಗೆ ಒಂದು ದಿನ ಯೋಚಿಸಿದರೆ, ದಾಸ್ತಾನು ಪುಸ್ತಕವನ್ನು ಪ್ರತಿ ವಾರವೂ ತೆರೆದು ನೋಡುವುದು ಅವಶ್ಯ.